ಕೆಟ್ಟ ಗಾಳಿ ತೆಗೆದಿದೆ

ನನ್ನ ಸೋದರತ್ತೆಗೆ ಕೆಲಸದ ಜಾಗದಲ್ಲಿ ನೀರಮ್ಮ ಎಂದೇ ಹೆಸರು. ಸಸ್ಯ ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ ಸಾಲಾಗಿರುವ ಗಾಜಿನ ಮನೆಗಳಲ್ಲಿ ಮೂವತ್ತೊಂದು ವರ್ಷ ಕುಂಡಗಳಿಗೆ ನೀರು ಹಾಕಿದವಳು ಅವಳು. ಬೆಳಿಗ್ಗೆ ಏಳೂವರೆಗೆ ಬೀಗ ತೆಗೆಯುವುದು, ರಬ್ಬರ್ ಪೈಪನ್ನು ಹೆಗಲಿಗೆ ಹಾಕಿಕೊಳ್ಳುವುದು, ಒಂದೊಂದು ಕುಂಡದ ಮಣ್ಣಿಗೂ ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಚುಚ್ಚಿ ನೋಡಿ ಆಮೇಲೆ ನೀರು ಬಿಡುವುದು. ಆ ಬೆರಳಿನ ಉಗುರು ಎಷ್ಟು ಉಜ್ಜಿದರೂ ಬೆಳ್ಳಗಾಗುತ್ತಿರಲಿಲ್ಲ. ನನ್ನ ಮಗಳು ಹುಟ್ಟಿದ ವಾರ ನಾನು ಅದನ್ನು ನೋಡಿ, "ಅತ್ತೆ, ಕೈ ತೊಳ್ಕೊಂಡ್ಯಾ?" ಎಂದು ಕೇಳಿಬಿಟ್ಟಿದ್ದೆ. ನನ್ನನ್ನು ಸಾಕಿದ್ದೂ ಅದೇ ಕೈ. ಅವಳು ಬೇಸರ ಮಾಡಿಕೊಳ್ಳಲಿಲ್ಲ.

"ಮೂರು ಸಲ ತೊಳ್ದೆ ಕಣೇ. ಇನ್ನೂ ನಂಬಿಕೆ ಇಲ್ದಿದ್ರೆ ಬೆರಳನ್ನೇ ಕುಕ್ಕರಿಗೆ ಹಾಕಿ ಎರಡು ವಿಷಲ್ ಕೂಗಿಸ್ತೀನಿ, ಬಿಡು."

ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಪ್ಪನದು ಊರೂರು ಸುತ್ತುವ ಕೆಲಸ. ಮದುವೆಯಾಗದೆ ಉಳಿದಿದ್ದ ಅತ್ತೆ ನನ್ನನ್ನು ತನ್ನ ಒಂದೂವರೆ ಕೋಣೆಯ ಮನೆಗೆ ಕರೆದುಕೊಂಡು ಬಂದಳು. ಶಾಲೆಗೆ ರಜೆ ಬಂದರೆ ನಾನೂ ಗಾಜಿನ ಮನೆಗೆ. ಮಗುಚಿಟ್ಟ ಬಕೆಟ್ ನನ್ನ ಕುರ್ಚಿ. ಕಿಟಕಿಯ ಪಕ್ಕದಲ್ಲಿ ದಪ್ಪ ಎಲೆಯ ಒಂದು ಗಿಡ ಇತ್ತು. ಬೆಳಿಗ್ಗೆ ಹೋದ ತಕ್ಷಣ ಅದರ ಎಲೆಯ ಚೂರೊಂದನ್ನು ಚಿವುಟಿ ನನ್ನ ನಾಲಿಗೆಗೆ ಇಡುತ್ತಿದ್ದಳು. ಹುಳಿ ಹುಳಿ. ಸಂಜೆ ಹೊರಡುವಾಗ ಅದೇ ಗಿಡದ ಇನ್ನೊಂದು ಚೂರು. ಸಪ್ಪೆ.

"ಹುಳಿ ಎಲ್ಲಿ ಹೋಯ್ತು?" ಎಂದು ನಾನು ಕೇಳಿದರೆ, "ಅಡುಗೆಗೆ ಹಾಕ್ಕೊಂಡ್ತು," ಎನ್ನುತ್ತಿದ್ದಳು.

ಅದು ತಮಾಷೆಯಲ್ಲ, ನಿಜ ಎಂದು ನನಗೆ ತಿಳಿದದ್ದು ಪಿಯುಸಿಗೆ ಬಂದ ಮೇಲೆ. ಅಲ್ಲಿಯೂ ಮೇಷ್ಟ್ರು ಬೋರ್ಡಿನ ತುಂಬ ಬಾಣದ ಗುರುತು ಬರೆದು ಹೋದರೇ ಹೊರತು ನನ್ನ ತಲೆಗೆ ಏನೂ ಇಳಿಯಲಿಲ್ಲ. ಇಳಿಸಿದವಳು ಏಳನೇ ತರಗತಿ ಓದಿದ ಅತ್ತೆ. ಈರುಳ್ಳಿ ಹೆಚ್ಚುತ್ತಾ ಹೇಳಿದ್ದು.

"ಎಲೆ ಒಳಗೆ ಒಬ್ಬ ಅಡುಗೆಯವ್ನಿದಾನೆ ಅನ್ಕೋ. ಕಣ್ಣು ಮಂಜು. ಅವನ ಮುಂದೆ ಎರಡು ಡಬ್ಬ, ಒಂದು ಸಕ್ಕರೆ, ಒಂದು ಉಪ್ಪು. ನೋಡೋಕೆ ಎರಡೂ ಒಂದೇ ಥರ. ಇಂಗಾಲದ ಡೈಆಕ್ಸೈಡ್ ಇದ್ಯಲ್ಲ, ಅದು ಸಕ್ಕರೆ ಡಬ್ಬ. ಆಮ್ಲಜನಕ ಉಪ್ಪಿನ ಡಬ್ಬ. ಅವನು ಮೂರು ಸಲ ಸರಿಯಾಗಿ ಹಾಕಿದ್ರೆ ನಾಲ್ಕನೇ ಸಲ ಉಪ್ಪು ಸುರೀತಾನೆ. ಕೆಟ್ಟ ಅಡುಗೇನ ಚೆಲ್ಲೋ ಹಾಗಿಲ್ಲ. ಅದನ್ನ ಸರಿ ಮಾಡೋಕೆ ಮತ್ತೆ ಒಲೆ ಹಚ್ಬೇಕು, ಕೂಡಿಟ್ಟಿದ್ದನ್ನೂ ಒಂದಿಷ್ಟು ಕಳ್ಕೋಬೇಕು. ಬಿಸಿಲು ಏರ್ತಾ ಹೋದ ಹಾಗೆ ಅವನ ತಪ್ಪೂ ಏರುತ್ತೆ."

"ಬಿಸಿಲಿಗೂ ಅದಕ್ಕೂ ಏನು?"

"ಬಿಸಿಲಿಗೆ ನೀರು ಆರಿಹೋಗುತ್ತೆ ಅಂತ ಎಲೆ ತನ್ನ ಸಣ್ಣ ಸಣ್ಣ ಬಾಯಿಗಳನ್ನ ಮುಚ್ಕೊಳುತ್ತೆ. ಹೊರಗಿಂದ ಸಕ್ಕರೆ ಬರೋದು ನಿಂತ್ಹೋಯ್ತು. ಉಪ್ಪು ಮಾತ್ರ ಒಳಗೆ ರಾಶಿ. ಇನ್ನೇನು ಮಾಡ್ತಾನೆ ಪಾಪ, ಕೈಗೆ ಸಿಕ್ಕಿದ್ದು ಹಾಕ್ತಾನೆ."

ಭತ್ತ, ಗೋಧಿಗಳ ಪಾಡು ಇದು. ಮುಸುಕಿನ ಜೋಳ, ಕಬ್ಬು ಇವು ಜಾಣ ಸಂಸಾರಗಳು. ಎಲೆಯೊಳಗೆ ಎರಡು ಕೋಣೆ ಮಾಡಿಕೊಂಡಿವೆ. ಹೊರಗಿನ ಕೋಣೆಯಲ್ಲಿ ಕಣ್ಣು ಚುರುಕಾದ ಹೆಂಗಸೊಬ್ಬಳು. ಅವಳು ಉಪ್ಪನ್ನು ಮುಟ್ಟುವುದೇ ಇಲ್ಲ. ಸಕ್ಕರೆಯನ್ನಷ್ಟೇ ಆರಿಸಿ ಪೊಟ್ಟಣ ಕಟ್ಟಿ ಒಳಗಿನ ಕೋಣೆಗೆ ಕಳಿಸುತ್ತಾಳೆ. ಮಂಜುಗಣ್ಣಿನ ಅಡುಗೆಯವನು ಕೂತಿರುವುದು ಆ ಒಳಕೋಣೆಯಲ್ಲಿ. ಅಲ್ಲಿ ಎತ್ತ ಕೈ ಹಾಕಿದರೂ ಸಕ್ಕರೆಯೇ. ಕಿಟಕಿಯ ದಪ್ಪ ಎಲೆಯ ಗಿಡದ್ದು, ಕಳ್ಳಿಯದ್ದು ಬೇರೆಯೇ ದಾರಿ. ಹಗಲು ಬಾಯಿ ಬಿಡುವುದೇ ಇಲ್ಲ. ಹೊತ್ತು ಮುಳುಗಿ ತಂಪಾದ ಮೇಲೆ ಗಾಳಿ ತೆಗೆದುಕೊಂಡು ಹುಳಿಯಾಗಿ ಕೂಡಿಡುತ್ತವೆ, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಅದನ್ನೇ ಬಿಚ್ಚಿ ಅಡುಗೆ ಮಾಡುತ್ತವೆ.

ಇದನ್ನೆಲ್ಲ ಅತ್ತೆಗೆ ಹೇಳಿಕೊಟ್ಟವರು ದೊಡ್ಡ ಮೇಡಂ. ಈಗ ಆ ವಿಭಾಗಕ್ಕೆ ಮುಖ್ಯಸ್ಥೆ. ಆಗ ಅತ್ತೆಯ ವಯಸ್ಸಿನ ಹೊಸ ಸಂಶೋಧಕಿ. ಭತ್ತಕ್ಕೂ ಜೋಳದಂತೆ ಎರಡು ಕೋಣೆ ಕಟ್ಟಿಕೊಡಬಹುದೇ ಎಂಬುದು ಅವರ ಜೀವಮಾನದ ಕೆಲಸ. ಉಳಿದವರು ಅತ್ತೆಗೆ ಇಷ್ಟು ಲೀಟರ್ ನೀರು ಎಂದಷ್ಟೇ ಹೇಳಿದರೆ, ಮೇಡಂ ಯಾಕೆ ಎಂದು ಹೇಳುತ್ತಿದ್ದರು. ಉದ್ದುದ್ದ ಹೆಸರುಗಳು ಮೊದಮೊದಲು ಅತ್ತೆಯ ಬಾಯಲ್ಲಿ ನಿಲ್ಲದಿದ್ದಾಗ ಅವರೇ ಒಂದು ದಾರಿ ಹುಡುಕಿದರು. ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ "ಒಳ್ಳೆ ಗಾಳಿ". ಅಡುಗೆ ಕೆಡಿಸುವ ಆಮ್ಲಜನಕ "ಕೆಟ್ಟ ಗಾಳಿ". ಮಾತು ಸಲೀಸಾಗಿತ್ತು, ನಿಂತಿತು. ಬಂದುಹೋದ ವಿದ್ಯಾರ್ಥಿಗಳೆಲ್ಲ ಹಾಗೇ ಅಂದರು. ಮೂವತ್ತು ವರ್ಷ ಆ ಗಾಜಿನ ಮನೆಗಳಲ್ಲಿ, ನಾವೆಲ್ಲ ಉಸಿರಾಡಿ ಬದುಕುವ ಗಾಳಿಯ ಹೆಸರು ಕೆಟ್ಟ ಗಾಳಿ ಎಂದೇ ಇತ್ತು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ನನಗೂ ಅನಿಸಿರಲಿಲ್ಲ.

ಎರಡು ವರ್ಷದ ಹಿಂದೆ ಗಾಜಿನ ಮನೆಗಳ ಪಕ್ಕದ ಕಟ್ಟಡದಲ್ಲಿ ಎರಡು ಹೊಸ ಕೋಣೆಗಳು ಬಂದವು. ಗಾಜಿನ ಕಿಂಡಿ, ಶೀತಲಗೃಹದ ಬಾಗಿಲಿನಂಥ ಉದ್ದ ಹಿಡಿ. ಒಂದರಲ್ಲಿ ಮಾಮೂಲಿ ಗಾಳಿ. ಇನ್ನೊಂದರಲ್ಲಿ ಆಮ್ಲಜನಕವನ್ನು ತೆಗೆದು ಸಾರಜನಕ ತುಂಬುತ್ತಿದ್ದರು. ನೂರಕ್ಕೆ ಇಪ್ಪತ್ತೊಂದು ಪಾಲು ಇರಬೇಕಾದ್ದು ಅಲ್ಲಿ ಮೂರು ಪಾಲು. ಉಪ್ಪಿನ ಡಬ್ಬವನ್ನೇ ಎತ್ತಿಟ್ಟರೆ ಭತ್ತದ ಸಸಿ ಎಷ್ಟು ಬೆಳೆದೀತು ಎಂದು ನೋಡುವ ಪ್ರಯೋಗ. ಹೋಲಿಕೆಗೆಂದು ಅಲ್ಲಿಟ್ಟ ಜೋಳ ಇದ್ದ ಹಾಗೇ ಇತ್ತು, ಅದಕ್ಕೆ ಮೊದಲೇ ಚಿಂತೆಯಿಲ್ಲ. ಭತ್ತ ಮಾತ್ರ ಕಡುಹಸಿರಾಗಿ ಎದ್ದು ನಿಂತಿತು. ಕಿಂಡಿಯಿಂದ ನೋಡಿದವರು ಇಂಥ ಆರೋಗ್ಯದ ಕೋಣೆ ಇನ್ನೊಂದಿಲ್ಲ ಅನ್ನಬೇಕು. ಮನುಷ್ಯ ಒಳಗೆ ಹೋದರೆ ನಾಲ್ಕು ಉಸಿರಿಗೆ ಬೀಳುತ್ತಾನೆ. ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ, ಉಸಿರು ಕಟ್ಟಿದಂತೆಯೂ ಆಗುವುದಿಲ್ಲ.

ವಾರದಲ್ಲಿ ಒಂದು ದಿನ ಯಂತ್ರ ನಿಲ್ಲಿಸಿ, ಹೊರಗಿನ ಗಾಳಿ ತುಂಬಿಸಿ, ಮೀಟರ್ ನೋಡಿಕೊಂಡು ಅತ್ತೆ ಒಳಗೆ ಹೋಗುತ್ತಿದ್ದಳು. ಉಳಿದ ದಿನ ನೀರು ಹೊರಗಿನಿಂದಲೇ ಕೊಳವೆಯಲ್ಲಿ. ಬಾಗಿಲ ಮೇಲೆ ಕೆಂಪು ದೀಪವಿತ್ತು, ಯಂತ್ರ ಓಡುವಾಗ ಉರಿಯುವಂಥದ್ದು. ಅದು ಕೆಟ್ಟು ಮೂರು ವಾರವಾಗಿತ್ತು. ಅತ್ತೆ ಎರಡು ಸಲ ಚೀಟಿ ಬರೆದುಕೊಟ್ಟಿದ್ದಳು. ದೀಪ ಬರುವವರೆಗೆ ಇರಲಿ ಎಂದು ಒಂದು ಸ್ಲೇಟು ತಂದು ಬಾಗಿಲಿಗೆ ತೂಗುಹಾಕಿದಳು. ಒಳಗೆ ಹೋಗಬಹುದಾದ ದಿನ "ಕೆಟ್ಟ ಗಾಳಿ ಇದೆ". ಹೋಗಬಾರದ ದಿನ "ಕೆಟ್ಟ ಗಾಳಿ ತೆಗೆದಿದೆ". ದುಂಡನೆಯ, ಅಚ್ಚುಕಟ್ಟಾದ ಅಕ್ಷರ. ಮೇಡಂ ದಿನವೂ ಅದರ ಮುಂದೆ ಓಡಾಡಿದರು. ವಿದ್ಯಾರ್ಥಿಗಳು ಓಡಾಡಿದರು.

ತಂಪು ಯಂತ್ರಗಳ ಮೆಕ್ಯಾನಿಕ್ಕನ್ನು ಎಲ್ಲರೂ ತಂಪಣ್ಣ ಎನ್ನುತ್ತಿದ್ದರು. ಆ ಕಟ್ಟಡಕ್ಕೆ ಬರತೊಡಗಿ ಎರಡೇ ತಿಂಗಳು. ನಲವತ್ತರ ಆಸುಪಾಸು, ಬಾಯಿ ಜೋರು. ಚಾವಣಿಯ ಯಂತ್ರ ನೋಡಲು ಬಂದಾಗಲೆಲ್ಲ ಅತ್ತೆಯನ್ನು ಮಾತಾಡಿಸಿ ಹೋಗುತ್ತಿದ್ದ.

"ನೀರಮ್ಮಾ, ಮುಂದಿನ ಜನ್ಮದಲ್ಲಿ ನಿಮ್ಮ ಭತ್ತದ ಸಸಿ ಆಗಿ ಹುಟ್ತೀನಿ. ಇಪ್ಪತ್ತೆಂಟು ಡಿಗ್ರಿಲಿ ಕೂರ್ಸಿ ಟೈಮ್ ಟೈಮಿಗೆ ನೀರು ಕೊಡ್ತೀರಿ. ನಮ್ಮನೇಲಿ ಒಂದು ಲೋಟ ಕೇಳಿದ್ರೆ ಕೈ ಇಲ್ವಾ ಅಂತಾಳೆ."

"ಸಸಿ ಆಗೋದಾದ್ರೆ ಬಾಯಿ ಮುಚ್ಕೊಂಡಿರ್ಬೇಕಾಗುತ್ತೆ ಕಣಪ್ಪ. ಆಗುತ್ತಾ ನಿನ್ ಕೈಲಿ?"

ಆ ದಿನ ಬೆಳಿಗ್ಗೆ ಆಮ್ಲಜನಕ ತೆಗೆದ ಕೋಣೆಯ ಶಾಖ ಮೂವತ್ತನಾಲ್ಕು ಡಿಗ್ರಿ ದಾಟಿತು. ಅತ್ತೆಯೇ ತಂಪಣ್ಣನಿಗೆ ಫೋನ್ ಮಾಡಿ ಬೇಗ ಬಾ ಎಂದಳು. ಬಂದ ಮೇಲೆ ತಾನೇ ಎದುರಿಗೆ ನಿಂತು, ಗಾಳಿ ಬದಲಿಸಿ, ಬಾಗಿಲು ತೆಗೆಯುವುದೆಂದು ಅವಳ ಎಣಿಕೆ. ಬಾಗಿಲ ಮುಂದೆಯೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಹನ್ನೊಂದೂ ಕಾಲಿಗೆ ನಾನು ಅವಳಿಗೆ ಫೋನ್ ಮಾಡಿದೆ. ಮಗುವಿಗೆ ಕೆಮ್ಮು. ಹಿಂದಿನ ದಿನ ಡಾಕ್ಟರು ನೋಡಿ ಏನಿಲ್ಲ ಎಂದಿದ್ದರು. ಆದರೂ ನನಗೆ ಎದೆಯಲ್ಲಿ ಗೊರಗೊರ ಸದ್ದು ಕೇಳಿದಂತಾಗುತ್ತಿತ್ತು. ಅಲ್ಲಿ ಫೋನು ಸರಿಯಾಗಿ ಹಿಡಿಯದು. ಅತ್ತೆ ಎದ್ದು ಮೊಗಸಾಲೆಯ ಕೊನೆಗೆ, ಹೊರಬಾಗಿಲಿಗೆ ಹೋದಳು. ಹಾಲು ಕುಡೀತಾ, ಮೂಗಿನ ಹೊಳ್ಳೆ ಅಗಲ ಆಗ್ತಿದ್ಯಾ, ನಗ್ತಾಳಾ, ನಗೋದಾದ್ರೆ ಏನಿಲ್ಲ ಬಿಡೇ. ಒಂಬತ್ತು ನಿಮಿಷ ಮಾತಾಡಿದ್ದೇವೆ. ನನ್ನ ಫೋನಿನಲ್ಲಿ ಈಗಲೂ ಇದೆ.

ತಂಪಣ್ಣ ಹಿಂದಿನ ಮೆಟ್ಟಿಲಿನಿಂದ ಹತ್ತಿ ಬಂದಿದ್ದ.

ಅತ್ತೆ ಹಿಂದಿರುಗಿದಾಗ ಬಾಗಿಲು ಮುಚ್ಚಿತ್ತು, ಸ್ಟೂಲಿನ ಪಕ್ಕ ಉಪಕರಣಗಳ ಚೀಲ. ಕಿಂಡಿಯಲ್ಲಿ ಇಣುಕಿದರೆ ಕುಂಡಗಳ ನಡುವೆ ಕಾಲು. ಉಸಿರು ಬಿಗಿಹಿಡಿದು ಒಳಗೆ ಹೋಗಿ ಪಾದ ಹಿಡಿದು ಎಳೆದಳು. ಹೊರಗೆ ಬಂದು ಉಸಿರೆಳೆದುಕೊಂಡಳು, ಮತ್ತೆ ಹೋದಳು. ಮೂರು ಸಲ. ಅವಳ ಕೂಗಿಗೆ ಜನ ಬಂದರು. ಆಸ್ಪತ್ರೆಯವರು ಮಾಡುವುದೇನೂ ಉಳಿದಿರಲಿಲ್ಲ. ಅವನ ತೋರುಬೆರಳಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ ಅಂಟಿತ್ತು. ಸ್ಲೇಟಿನ ಮೇಲೆ ಅಕ್ಷರಗಳ ಕೆಳಗೆ, ಮೊದಲಿಂದ ಕೊನೆಯವರೆಗೆ, ಬೆರಳು ಎಳೆದ ಗುರುತು. ಅವನು ಓದಿದ್ದ. ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿ, ಎಲ್ಲರೂ ಅರ್ಥಮಾಡಿಕೊಳ್ಳುವ ಹಾಗೇ ಅರ್ಥಮಾಡಿಕೊಂಡು ಒಳಗೆ ಹೋಗಿದ್ದ.

ಸಂಜೆಯ ಹೊತ್ತಿಗೆ ಯಾರೋ ಸ್ಲೇಟು ಒರೆಸಿದ್ದರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ನಾಲ್ಕನೇ ದಿನ ದೊಡ್ಡ ಮೇಡಂ ನಮ್ಮ ಮನೆಗೇ ಬಂದರು. ಕೈಯಲ್ಲಿ ಒಂದು ಹಾಳೆ. "ಬಾಗಿಲ ಮೇಲೆ ಎಚ್ಚರಿಕೆ ಬರೆದಿತ್ತು. ಮೃತರು ಅದನ್ನು ಓದದೆ ಪ್ರವೇಶಿಸಿದರು." ಕೆಳಗೆ ಅತ್ತೆಯ ಸಹಿಗೆ ಜಾಗ.

"ನೀನೇನೂ ಸುಳ್ಳು ಹೇಳ್ಬೇಕಾಗಿಲ್ಲ, ನೀರಮ್ಮ. ಎಚ್ಚರಿಕೆ ಬರ್ದಿತ್ತು ತಾನೆ?"

"ಬರ್ದಿತ್ತು ಮೇಡಂ. ಆದ್ರೆ ಓದ್ದೆ ಹೋದ ಅಂತ ಇದ್ಯಲ್ಲ."

"ಓದಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ? ಇಲ್ಲ. ಸಂಸ್ಥೆ ಉಳೀಬೇಕು. ಮೂವತ್ತು ವರ್ಷದ ಕೆಲಸ. ನಂದಷ್ಟೇ ಅಲ್ಲ, ನಿಂದೂ." ಮೇಡಂ ಕಣ್ಣು ಒರೆಸಿಕೊಂಡರು. ಅದು ನಾಟಕ ಎಂದು ನನಗೆ ಅನಿಸಲಿಲ್ಲ.

ಅವರು ಹೋದ ಮೇಲೆ ನಾನೂ ಅದನ್ನೇ ಹೇಳಿದೆ. ಹೇಳಿದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. "ಅತ್ತೆ, ಸಹಿ ಹಾಕ್ಬಿಡು. ನಿವೃತ್ತಿಗೆ ಎರಡೇ ವರ್ಷ. ನಿನ್ನನ್ನ ಸ್ಟೇಷನ್ನಿಗೆ ಕರೆದ್ರೆ ಏನ್ಮಾಡ್ತೀಯ? ಸತ್ತೋರಂತೂ ವಾಪಸ್ ಬರಲ್ಲ."

"ಫೋನ್ ವಿಷ್ಯಕ್ಕೆ ಹೆದರ್ಕೊಂಡಿದೀಯ ಅಲ್ವೇನೇ? ಅದು ನನ್ ಬಾಯಿಂದ ಬರಲ್ಲ, ಬಿಡು."

ನಾನು ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಅದಕ್ಕೆ ಹೆದರಿದ್ದೆ ನಿಜ.

ಹಾಳೆ ಎರಡು ದಿನ ಫ್ರಿಜ್ಜಿನ ಮೇಲೆ ಇತ್ತು. ಮೂರನೆಯ ದಿನ ತಂಪಣ್ಣನ ಹೆಂಡತಿ ಉಪಕರಣಗಳ ಚೀಲ ತೆಗೆದುಕೊಂಡು ಹೋಗಲು ಕಚೇರಿಗೆ ಬಂದಳು. ಗುಮಾಸ್ತರು ರಿಜಿಸ್ಟರ್ ಮುಂದಿಟ್ಟು ಎಲ್ಲಿ ಸಹಿ ಎಂದು ತೋರಿಸುತ್ತಿದ್ದರಂತೆ. ಅತ್ತೆ ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ಆ ಹೆಂಗಸಿಗೆ ಇವಳು ಯಾರೆಂದು ಗೊತ್ತಿರಲಿಲ್ಲ.

"ಸರ್, ನಮ್ಮನೆಯವ್ರು ಹಾಲಿನ ಪ್ಯಾಕೆಟ್ ಮೇಲಿನ ತಾರೀಖು ಓದ್ದೆ ಪ್ಯಾಕೆಟ್ ಕತ್ತರಿಸ್ತಿರ್ಲಿಲ್ಲ. ಔಷಧಿ ಜೊತೆ ಬರೋ ಚೀಟಿ ಇರುತ್ತಲ್ಲ, ಯಾರೂ ಓದಲ್ಲ, ಅದನ್ನೂ ಬೆರಳಿಟ್ಟು ಓದೋರು. ನಾನೇ ಬೈತಿದ್ದೆ, ಏನ್ರೀ ಪರೀಕ್ಷೆ ಕಟ್ಟಿದೀರಾ ಅಂತ. ಅಂಥೋರು ಬಾಗಿಲ ಮೇಲೆ ಬರ್ದಿದ್ದನ್ನ ಓದ್ಲಿಲ್ವಾ?"

"ಹಾಗಂತ ಬರ್ದಿದಾರಮ್ಮ. ಇಲ್ಲಿ ಸಹಿ ಹಾಕಿ."

ಅತ್ತೆ ಅಂದು ಮನೆಗೆ ಬಂದವಳೇ ಹಾಳೆಯನ್ನು ಫ್ರಿಜ್ಜಿನ ಮೇಲಿಂದ ತೆಗೆದು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಸಹಿ ಹಾಕಿರಲಿಲ್ಲ. ನಾನು ಏನೋ ಹೇಳಲು ಹೋದೆ. "ಎಚ್ಚರಿಕೆ ಬರ್ದಿತ್ತು ಅನ್ನೋದು ಸುಳ್ಳಲ್ಲ ಕಣೇ," ಎಂದಳು. "ಆದ್ರೆ ಯಾರಿಗೆ ಬರ್ದಿತ್ತು? ನಮಗೆ ನಾವೇ ಬರ್ಕೊಂಡಿದ್ವಿ. ದಾರೀಲಿ ಹೋಗೋ ನೂರು ಜನಕ್ಕೆ ಆ ಸ್ಲೇಟು ತೋರ್ಸು. ನೂರೂ ಜನ ಒಳಗೆ ಹೋಗ್ತಾರೆ."

ವಿಚಾರಣೆ ನಡೆದದ್ದು ಕೇಂದ್ರದ ಸಭಾಕೋಣೆಯಲ್ಲಿ. ಉದ್ದ ಮೇಜು, ಹೊರಗಿನಿಂದ ಬಂದ ಮೂವರು, ಒಂದು ಪಕ್ಕಕ್ಕೆ ಮೇಡಂ. ಅತ್ತೆಗೆ ಕುರ್ಚಿ ಹಾಕಿದ್ದರೂ ಅವಳು ನಿಂತೇ ಇದ್ದಳಂತೆ. ಸ್ಲೇಟಿನ ಮೇಲೆ ಏನು ಬರೆದಿತ್ತು ಎಂದು ಅವರು ಕೇಳಲಿಲ್ಲ. ಎಚ್ಚರಿಕೆ ಇತ್ತೇ ಎಂದಷ್ಟೇ ಕೇಳಿದರು.

"ಇತ್ತು ಸರ್. ನಾನೇ ಬರ್ದಿದ್ದು. ಕೆಟ್ಟ ಗಾಳಿ ತೆಗೆದಿದೆ ಅಂತ."

ಮಧ್ಯದಲ್ಲಿದ್ದವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಅಂದ್ರೆ ಒಳಗೆ ಹೋಗ್ಬಹುದು ಅಂತ ಅಲ್ವಾ?"

"ನೀವೂ ಹಾಗೇ ಅನ್ಕೊಂಡ್ರಲ್ಲ ಸರ್. ನಮ್ಮಲ್ಲಿ ಹೋಗ್ಬಾರ್ದು ಅಂತ ಅರ್ಥ. ಗಿಡದ ಕಡೆಯಿಂದ ಹೆಸರಿಟ್ಟಿದ್ದು. ಮನುಷ್ಯರ ಕಡೆಯಿಂದ ನಾವ್ಯಾರೂ ಯೋಚ್ನೆ ಮಾಡ್ಲಿಲ್ಲ. ಅವನು ಓದಿ ಹೋಗಿದಾನೆ. ಬೆರಳಲ್ಲಿ ಸೀಮೆಸುಣ್ಣ ಇತ್ತು. ಸ್ಲೇಟಲ್ಲಿ ಬೆರಳಿನ ಗೆರೆ ಇತ್ತು. ಆಮೇಲೆ ಯಾರೋ ಒರ್ಸಿದಾರೆ. ದೀಪ ಕೆಟ್ಟು ಮೂರು ವಾರ ಆಗಿತ್ತು, ನನ್ನ ಚೀಟಿ ಎರಡೂ ಫೈಲಲ್ಲಿ ಇರ್ಬೇಕು."

ನೀನು ಆಗ ಎಲ್ಲಿದ್ದೆ ಎಂದು ಕೇಳಿದರು. ಫೋನ್ ಬಂತು, ಹೊರಗೆ ಹೋಗಿದ್ದೆ ಎಂದಳು. ಯಾರ ಫೋನ್? ಮನೆಯದು. ಅಷ್ಟಕ್ಕೇ ನಿಲ್ಲಿಸಿದಳು.

ಮೇಡಂ ಒಂದೇ ಮಾತು ಹೇಳಿದರಂತೆ. "ಅದು ಆಡುಮಾತು. ಬರೆಯೋಕೆ ಯಾರೂ ಹೇಳಿರಲಿಲ್ಲ."

ವರದಿ ಬಂದಾಗ ಅದರಲ್ಲಿ "ಮೃತರು ಓದದೆ" ಎಂಬುದು ಇರಲಿಲ್ಲ. "ನೀರು ಹಾಕುವ ಸಿಬ್ಬಂದಿಯು ಅನುಮತಿಯಿಲ್ಲದೆ ತಪ್ಪು ಫಲಕ ಬರೆದು, ಜಾಗ ಬಿಟ್ಟು ಹೋಗಿದ್ದರಿಂದ" ಎಂದಿತ್ತು. ದೀಪದ ವಿಷಯ ಒಂದು ಸಾಲು, ಅದೂ ಕೊನೆಯಲ್ಲಿ. ಹೆಸರಿಟ್ಟವರ ವಿಷಯ ಎಲ್ಲೂ ಇಲ್ಲ. ಅತ್ತೆ ಕೆಲಸಕ್ಕೆ ಬರುವಂತಿಲ್ಲ. ಮುಂದಿನ ಕ್ರಮ ತೀರ್ಮಾನವಾಗುವವರೆಗೆ ಗೇಟಿನ ಒಳಗೂ ಬರುವಂತಿಲ್ಲ. ಅವಳು ಅದನ್ನು ಎರಡು ಸಲ ಓದಿ, "ಜಾಗ ಬಿಟ್ಟು ಹೋಗಿದ್ದು ನಿಜ," ಎಂದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಆ ಭಾನುವಾರ ತಂಪಣ್ಣನ ಮನೆಗೆ ಹೋದೆವು. ಬೇಡ ಎಂದರೂ ಅವಳು ಕೇಳಲಿಲ್ಲ. ಒಬ್ಬಳನ್ನೇ ಕಳಿಸಲು ಭಯವಾಗಿ ನಾನು ಮಗುವನ್ನು ಕಂಕುಳಿಗೆ ಹಾಕಿಕೊಂಡು ಜೊತೆಗೆ ಹೊರಟೆ. ಎರಡನೇ ಮಹಡಿ, ಮೆಟ್ಟಿಲ ತುಂಬ ಸೈಕಲ್ಲುಗಳು. ಬಾಗಿಲು ತೆಗೆದ ಹೆಂಗಸು ಅತ್ತೆಯ ಮುಖವನ್ನು ಗುರುತು ಹಿಡಿದಳು.

"ಆವತ್ತು ಆಫೀಸಲ್ಲಿ ನಿಂತಿದ್ರಲ್ಲ?"

"ಹೂಂ ಕಣಮ್ಮ. ಸ್ಲೇಟು ಬರ್ದೋಳು ನಾನೇ."

ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅತ್ತೆ ಹೊಸ್ತಿಲ ಹೊರಗೇ ನಿಂತು ಹೇಳಿದಳು. ಗಾಳಿಗೆ ಇಟ್ಟ ಹೆಸರು, ಸ್ಲೇಟು, ಬೆರಳಿನ ಗೆರೆ, ತಾನು ಫೋನ್ ಹಿಡಿದು ಹೊರಗೆ ಹೋದದ್ದು. ಎಲ್ಲೂ ತನ್ನನ್ನು ಉಳಿಸಿಕೊಳ್ಳಲಿಲ್ಲ. ಆಗ ನನ್ನ ಬಾಯಿಂದ ತಾನಾಗಿ ಬಂತು: "ಫೋನ್ ಮಾಡಿದ್ದು ನಾನು."

ಅವಳು ನನ್ನನ್ನೂ, ಮಗುವನ್ನೂ ಒಂದು ಕ್ಷಣ ನೋಡಿದಳು. ನನ್ನ ಮಾತು ಅವಳಿಗೆ ಬೇಕಾಗಿರಲಿಲ್ಲ.

"ಅಂದ್ರೆ ಓದ್ಕೊಂಡೇ ಹೋಗಿದ್ದು," ಎಂದಳು ಅತ್ತೆಗೆ.

"ಓದ್ಕೊಂಡೇ ಹೋಗಿದ್ದು."

"ನೀವು ಬರ್ದಿದ್ದನ್ನ ನಂಬ್ಕೊಂಡು."

"ಹೌದಮ್ಮ."

ಒಳಗೆ ಒಲೆಯ ಮೇಲೆ ಏನೋ ಉಕ್ಕಿ ಸುಟ್ಟ ವಾಸನೆ ಬಂತು. ಅವಳು ಹೋಗಿ ಆರಿಸಲಿಲ್ಲ. ಒಳಗೆ ತಿರುಗಿ ಮಗಳನ್ನು ಕರೆದಳು. ಹನ್ನೊಂದು ಹನ್ನೆರಡು ವರ್ಷದ ಹುಡುಗಿ, ಕೈಯಲ್ಲಿ ಪೆನ್ಸಿಲ್ ಹಿಡಿದುಕೊಂಡೇ ಬಂದಳು.

"ಸ್ಕೂಲಲ್ಲಿ ಇವಳಿಗೆ, ನಿಮ್ಮಪ್ಪಂಗೆ ಓದೋಕ್ ಬರ್ತಿರ್ಲಿಲ್ವಾ ಅಂತ ಕೇಳ್ತಾರಂತೆ. ಅಳ್ತಾ ಬರ್ತಾಳೆ." ಹುಡುಗಿಯ ಭುಜ ಹಿಡಿದು ಅತ್ತೆಯ ಎದುರಿಗೆ ನಿಲ್ಲಿಸಿದಳು. "ಇನ್ನೊಂದ್ಸಲ ಹೇಳಿ. ಮೊದ್ಲಿಂದ ಹೇಳಿ. ಇವಳೂ ಕೇಳಿಸ್ಕೊಳ್ಲಿ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದಳು.